ದಾರದ ಬಿಗುವು, ಕೈಯ ಹದ

ಬಾನುಲಿಯಲ್ಲಿ ಕೈಕೆಲಸದ ವಿಷಯವಾಗಿ ಮಾತನಾಡುವವರಿಗೆ ಒಂದು ತೊಡಕುಂಟು. ಕೈಯನ್ನು ತೋರಿಸುವಂತಿಲ್ಲ, ತೋರಿಸಬೇಕಾದುದನ್ನೆಲ್ಲ ಹೇಳಬೇಕು. ಅಡುಗೆಯ ವಿಷಯವಾದರೆ ಇಷ್ಟು ಹಿಟ್ಟು, ಇಷ್ಟು ನೀರು ಎಂದು ಅಳತೆ ಕೊಟ್ಟು ಪಾರಾಗಬಹುದು. ಆದರೆ ಅಲ್ಲಿಯೂ ಕೊನೆಗೆ ‘ಹದಕ್ಕೆ ಬಂದಾಗ ಇಳಿಸಿ’ ಎಂಬ ಮಾತು ಬಂದೇ ಬರುತ್ತದೆ. ಹದ ಎಂಬುದು ಹೇಳಿ ಕೊಡುವಂಥದಲ್ಲ, ಕೈಗೆ ತಾನಾಗಿ ಬರಬೇಕಾದುದು ಎಂದು ನಾವು ಸಾಮಾನ್ಯವಾಗಿ ನಂಬಿದ್ದೇವೆ. ಆದರೆ ಬೆಲ್ಲದ ಪಾಕದ ಹದವನ್ನು ನಮ್ಮ ಹಿರಿಯರು ಹಾಗೆ ಬಿಟ್ಟುಕೊಡಲಿಲ್ಲ. ಎರಡು ಬೆರಳುಗಳ ನಡುವೆ ಪಾಕವನ್ನು ಹಿಡಿದು ಎಳೆದು ನೋಡಿದರು; ಒಂದೆಳೆ ಪಾಕ, ಎರಡೆಳೆ ಪಾಕ ಎಂದು ಹೆಸರಿಟ್ಟರು. ಕಣ್ಣಿಗೆ ಕಾಣದ ಹದಕ್ಕೆ ಕಾಣುವ ಒಂದು ಅಳತೆಯನ್ನು ಹುಡುಕಿದರು.

ಇಂದು ನಾನು ಹೇಳಹೊರಟಿರುವುದೂ ಎಳೆಯ ಹದವನ್ನೇ ಕುರಿತು. ಇದು ಪಾಕದ ಎಳೆಯಲ್ಲ, ದಾರದ ಎಳೆ. ಕ್ರೋಶಾ ಹೆಣಿಗೆಯಲ್ಲಿ ದಾರದ ಬಿಗುವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿ ಇರಿಸಿಕೊಳ್ಳುವುದು ಹೇಗೆ ಎಂಬುದು ವಿಷಯ. ವಿಷಯ ಚಿಕ್ಕದು. ಆದರೆ ಇದು ತಿಳಿಯದೆ ಅರ್ಧಕ್ಕೆ ನಿಂತ ಹಾಸುಗಳು, ತೊಡಲಾಗದೆ ಪೆಟ್ಟಿಗೆ ಸೇರಿದ ಸ್ವೆಟರುಗಳು ಎಷ್ಟು ಮನೆಗಳಲ್ಲಿವೆಯೋ! ನಾನು ಇದನ್ನು ಕಲಿತದ್ದು ಕೂಡ ಅಂತಹ ಒಂದು ಅರ್ಧಕ್ಕೆ ನಿಂತ ಹಾಸಿನಿಂದಲೇ.

ನನ್ನ ಸೋದರತ್ತೆ ಒಂದು ಮೇಜಿನ ಹಾಸನ್ನು ಹೆಣೆಯುತ್ತಿದ್ದರು. ಅಡ್ಡಕ್ಕೆ 6, ಉದ್ದಕ್ಕೆ 8, ಒಟ್ಟು 48 ಚೌಕಗಳು. ಒಂದೊಂದನ್ನೂ ಬಿಡಿಯಾಗಿ ಹೆಣೆದು ಕೊನೆಯಲ್ಲಿ ಜೋಡಿಸಬೇಕು. 31 ಚೌಕಗಳು ಮುಗಿಯುವ ವೇಳೆಗೆ ಅವರ ಬೆರಳ ಗೆಣ್ಣುಗಳು ಊದಿಕೊಂಡವು. ಸಂಧಿವಾತ; ಕಡ್ಡಿ ಹಿಡಿಯುವಂತಿರಲಿಲ್ಲ. ‘ಉಳಿದದ್ದನ್ನ ನೀನು ಮಾಡಿಕೊಡ್ತೀಯೇನೇ?’ ಎಂದು ಕೇಳಿದರು. ಅದೇನು ಮಹಾ ಎಂದುಕೊಂಡು ಒಪ್ಪಿದೆ. ಅದೇ ದಾರ, ಅದೇ ಕಡ್ಡಿ, ಅದೇ ಮಾದರಿ. ಮೂರು ಚೌಕಗಳನ್ನು ಹೆಣೆದು ಅವರ ಚೌಕಗಳ ಪಕ್ಕದಲ್ಲಿಟ್ಟಾಗ ಎದೆ ಧಸಕ್ಕೆಂದಿತು. ಅವರ ಚೌಕದ ಬದಿ 12 ಸೆಂಟಿಮೀಟರ್, ನನ್ನದು 11. ಒಂದು ಸೆಂಟಿಮೀಟರಿನಲ್ಲಿ ಏನಿದೆ ಎನ್ನಬಹುದು. ಆರು ಚೌಕಗಳ ಒಂದು ಸಾಲಿನಲ್ಲಿ ಅದು ಆರು ಸೆಂಟಿಮೀಟರ್ ಆಗುತ್ತದೆ. ಅರ್ಧ ಚೌಕವೇ ಮಾಯವಾದಂತೆ. ಅತ್ತೆ ನನ್ನ ಚೌಕವೊಂದನ್ನು ಕೈಗೆತ್ತಿಕೊಂಡು ಹಿಚುಕಿ ನೋಡಿದರು. ‘ಯಾರ ಮೇಲೇ ನಿನಗೆ ಸಿಟ್ಟು? ದಾರಾನ ಹೀಗೆ ಹಿಂಡಿದ್ದೀಯಲ್ಲ!’ ಎಂದರು.

ಮರುದಿನ ಕೈಯನ್ನು ಬೇಕೆಂದೇ ಸಡಿಲಿಸಿ ಹೆಣೆದೆ. ಚೌಕದ ಒಂದು ಮೂಲೆ ದೊಡ್ಡದಾಯಿತು, ಇನ್ನೊಂದು ಮೂಲೆ ಹಿಂದಿನಂತೆಯೇ ಬಿಗಿಯಾಗಿ ಉಳಿಯಿತು. ‘ಸಡಿಲವಾಗಿರು’ ಎಂದು ಕೈಗೆ ಅಪ್ಪಣೆ ಮಾಡಿದರೆ ಅದು ಐದು ನಿಮಿಷ ಕೇಳುತ್ತದೆ, ಆಮೇಲೆ ಮರೆಯುತ್ತದೆ. ಬಿಗುವನ್ನು ಮನಸ್ಸಿನ ನಿರ್ಧಾರದಿಂದ ಆಳುವುದಾಗದು ಎಂಬ ಮೊದಲ ಪಾಠ ನನಗೆ ಆಗ ಆಯಿತು. ಹಾಗಾದರೆ ಯಾವುದರಿಂದ ಆಳಬೇಕು? ಇದಕ್ಕೆ ಉತ್ತರ ಹೇಳುವ ಮೊದಲು ಹೆಣಿಗೆಯ ರಚನೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ಕ್ರೋಶಾ ಎಂಬ ಮಾತು ಫ್ರೆಂಚ್ ಭಾಷೆಯದು. ಪುಟ್ಟ ಕೊಕ್ಕೆ ಎಂದು ಅದರ ಅರ್ಥ. ಹೆಸರೇ ಹೇಳುವಂತೆ ಇಲ್ಲಿ ಇರುವುದು ಒಂದು ಕೊಕ್ಕೆ ಕಡ್ಡಿ ಮತ್ತು ಒಂದು ದಾರ. ಎರಡು ಕಡ್ಡಿಗಳ ಉಣ್ಣೆ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಒಟ್ಟಿಗೆ ಕಡ್ಡಿಯ ಮೇಲೆ ಕುಳಿತಿರುತ್ತವೆ. ಮಗ್ಗದಲ್ಲಿ ಹಾಸಿನ ಎಳೆಗಳೆಲ್ಲ ಮೊದಲೇ ಒಂದೇ ಬಿಗುವಿನಲ್ಲಿ ಕಟ್ಟಲ್ಪಟ್ಟಿರುತ್ತವೆ. ಕ್ರೋಶಾದಲ್ಲಿ ಹಾಗಿಲ್ಲ. ಒಂದು ಹೊಲಿಗೆ ಪೂರ್ತಿಯಾಗಿ ಮುಗಿದ ಮೇಲೆಯೇ ಮುಂದಿನದು. ಸಾಮಾನ್ಯವಾಗಿ ಒಂದು ಹೊಲಿಗೆ ಮುಗಿದಾಗ ಕಡ್ಡಿಯ ಮೇಲೆ ಜೀವಂತವಾಗಿ ಉಳಿಯುವುದು ಒಂದೇ ಒಂದು ಕುಣಿಕೆ. ಆದುದರಿಂದ ಪ್ರತಿಯೊಂದು ಹೊಲಿಗೆಯೂ ಅದನ್ನು ಹಾಕಿದ ಗಳಿಗೆಯ ಸೆಳೆತವನ್ನು ತನ್ನಲ್ಲಿ ಮುದ್ರಿಸಿಕೊಳ್ಳುತ್ತದೆ. ವೀಣೆಯ ತಂತಿಯನ್ನು ಒಮ್ಮೆ ಶ್ರುತಿ ಮಾಡಿಕೊಂಡರೆ ಒಂದಷ್ಟು ಹೊತ್ತು ನುಡಿಸಬಹುದು. ಇಲ್ಲಿ ಪ್ರತಿ ಹೊಲಿಗೆಗೂ ಹೊಸದಾಗಿ ಶ್ರುತಿ ಮಾಡಿಕೊಂಡಂತೆ. ಒಂದು ಸಾಧಾರಣ ಹಾಸಿನಲ್ಲಿ ಸಾವಿರಾರು ಹೊಲಿಗೆಗಳಿರುತ್ತವೆ. ಅಷ್ಟು ಸಲವೂ ಮನಸ್ಸು ಎಚ್ಚರವಾಗಿರಲಿ ಎಂದು ಬಯಸುವುದು ಅತಿಯಾಸೆ. ಎಚ್ಚರದ ಕೆಲಸವನ್ನು ಬೆರಳಿಗೂ ಕಡ್ಡಿಗೂ ಹಂಚಿಕೊಡುವುದೇ ಇರುವ ಉಪಾಯ.

ಬಿಗುವು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ತಿಳಿಯುವುದು ಕಷ್ಟವಲ್ಲ. ಕೊಕ್ಕೆಯನ್ನು ಮುಂದಿನ ಹೊಲಿಗೆಯೊಳಗೆ ತೂರಿಸಲು ಒದ್ದಾಡಬೇಕಾದರೆ, ತೂರಿದ ಕೊಕ್ಕೆ ಹೊರಬರುವಾಗ ಕುಣಿಕೆಗೆ ಸಿಕ್ಕಿ ಕೀರಲುಗುಟ್ಟಿದರೆ, ಹೆಣೆದ ಬಟ್ಟೆ ರಟ್ಟಿನಂತೆ ಸೆಟೆದು ನಿಂತರೆ ಬಿಗುವು ಹೆಚ್ಚು. ಹೊಲಿಗೆಗಳು ಜೋಲುಬಿದ್ದು, ಕುಣಿಕೆ ಕಡ್ಡಿಯಿಂದ ತಾನಾಗಿ ಜಾರಿ, ಅಂಚು ನೇರವಿಲ್ಲದೆ ಅಲೆಅಲೆಯಾದರೆ ಬಿಗುವು ಕಡಿಮೆ. ಇಲ್ಲಿ ಒಂದು ಎಚ್ಚರಿಕೆಯ ಮಾತು. ಹೆಣೆಯುತ್ತ ಹೋದಂತೆ ಬಟ್ಟೆ ಕಿರಿದಾಗುತ್ತಿದ್ದರೆ ಕೂಡಲೇ ಬಿಗುವನ್ನು ದೂರಬಾರದು. ಮೊದಲು ಸಾಲಿನ ಹೊಲಿಗೆಗಳನ್ನು ಎಣಿಸಬೇಕು. ಸಾಲಿನ ಕೊನೆಯ ಹೊಲಿಗೆಯನ್ನು ಬಿಟ್ಟುಬಿಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಎಣಿಕೆ ಸರಿಯಿದ್ದೂ ಅಗಲ ಬದಲಾದರೆ ಆಗ ಅದು ಕೈಯ ದೋಷ.

ಈಗ ದಾರ ಹಿಡಿಯುವ ಕೈಯನ್ನು ನೋಡೋಣ. ಬಲಗೈಯಲ್ಲಿ ಕಡ್ಡಿ ಹಿಡಿಯುವವರಿಗೆ ಇದು ಎಡಗೈ. ಕಲಿಯುವವರು ಹೆಚ್ಚಾಗಿ ದಾರವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಚಿವುಟಿ ಹಿಡಿಯುತ್ತಾರೆ. ಚಿವುಟುವ ಬಲ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಬೇಸರವಾದಾಗ ಒಂದು, ಮಾತನಾಡುವಾಗ ಒಂದು. ಬಲ್ಲವರು ಚಿವುಟುವುದಿಲ್ಲ, ಸುತ್ತುತ್ತಾರೆ. ಉಂಡೆಯಿಂದ ಬಂದ ದಾರವನ್ನು ಕಿರುಬೆರಳಿಗೆ ಒಂದು ಸುತ್ತು ಸುತ್ತಿ, ನಡುವಿನ ಎರಡು ಬೆರಳುಗಳ ಕೆಳಗಿನಿಂದ ತಂದು, ತೋರುಬೆರಳಿನ ಮೇಲೆ ಹಾಯಿಸಿ ಕೊಕ್ಕೆಗೆ ಕೊಡುತ್ತಾರೆ. ತೋರುಬೆರಳಿಗೂ ಕೊಕ್ಕೆಗೂ ನಡುವೆ ಎರಡು ಮೂರು ಬೆರಳಗಲ ದಾರ ಯಾವಾಗಲೂ ನೇರವಾಗಿ ನಿಂತಿರಬೇಕು. ಹೆಬ್ಬೆರಳು ಮತ್ತು ನಡುಬೆರಳಿಗೆ ಬೇರೆ ಕೆಲಸವಿದೆ: ಹೆಣೆದ ಭಾಗವನ್ನು ಕೊಕ್ಕೆಯ ಸಮೀಪದಲ್ಲೇ ಹಿಡಿದುಕೊಂಡು, ನಾಲ್ಕಾರು ಹೊಲಿಗೆಗಳಿಗೊಮ್ಮೆ ಮುಂದೆ ಮುಂದೆ ಸರಿಯುವುದು.

ಬೆರಳಿಗೆ ಹಾಕಿದ ಒಂದು ಸುತ್ತಿಗೆ ಇಷ್ಟು ಮಹತ್ತ್ವವೇಕೆ ಎಂದರೆ ಅದರ ಹಿಂದೆ ಒಂದು ಗಣಿತವಿದೆ. ಓಡುವ ಹೋರಿಯನ್ನು ಹಗ್ಗ ಹಿಡಿದು ಬರಿಗೈಯಲ್ಲಿ ನಿಲ್ಲಿಸುವುದು ಯಾರಿಗೂ ಸುಲಭವಲ್ಲ. ಅದೇ ಹಗ್ಗವನ್ನು ಕಂಬಕ್ಕೆ ಒಂದೆರಡು ಸುತ್ತು ಸುತ್ತಿದರೆ ಹುಡುಗನೂ ತಡೆಹಿಡಿಯಬಲ್ಲ. ಹಡಗನ್ನು ದಡಕ್ಕೆ ಕಟ್ಟುವವರೂ ಇದನ್ನೇ ಮಾಡುತ್ತಾರೆ. ಇದರ ಲೆಕ್ಕವನ್ನು ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ಬಿಡಿಸಿದ. ಘರ್ಷಣೆಯ ಗುಣಾಂಕ 0.3 ಎಂದು ಇಟ್ಟುಕೊಂಡರೆ ಒಂದು ಪೂರ್ಣ ಸುತ್ತಿನಿಂದ ತಡೆಯುವ ಬಲ ಸುಮಾರು 6.6 ಪಟ್ಟು ಆಗುತ್ತದೆ. ಎರಡು ಸುತ್ತಿನಿಂದ ಸುಮಾರು 43 ಪಟ್ಟು. ಕಂಬ ದಪ್ಪವೋ ತೆಳುವೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ಸುತ್ತು ಎಂಬುದೇ ಮುಖ್ಯ. ನಮ್ಮ ಕಿರುಬೆರಳೇ ಈ ಕಂಬ. ಕೈ ಸಡಿಲವಿರುವವರು ಒಂದು ಸುತ್ತಿಗೆ ಬದಲು ಎರಡು ಸುತ್ತು ಹಾಕಿಕೊಂಡರೆ ಬೆರಳನ್ನು ಹಿಂಡದೆಯೇ ಬಿಗುವು ಬರುತ್ತದೆ. ನನ್ನಂತೆ ಕೈ ಬಿಗಿಯಿರುವವರು ಸುತ್ತನ್ನು ಬಿಚ್ಚಿ, ಬೆರಳುಗಳ ನಡುವೆ ಮೇಲೆ ಕೆಳಗೆ ಹಾಯಿಸಿಕೊಂಡರೆ ಸಾಕು. ಬೇಸಿಗೆಯಲ್ಲಿ ಕೈ ಬೆವರಿದಾಗ ಘರ್ಷಣೆ ಹೆಚ್ಚುತ್ತದೆ. ಪಕ್ಕದಲ್ಲಿ ಒಂದು ಒಣ ವಸ್ತ್ರವಿರುವುದು ಒಳ್ಳೆಯದು.

ಉಂಡೆಯೂ ಈ ಲೆಕ್ಕದಲ್ಲಿ ಸೇರಿದೆ ಎಂಬುದನ್ನು ಹಲವರು ಮರೆಯುತ್ತಾರೆ. ತೊಡೆಯ ಕೆಳಗೆ ಸಿಕ್ಕಿಕೊಂಡ ಉಂಡೆ, ಚೀಲದ ಬಾಯಿಗೆ ತೊಡರಿದ ದಾರ, ಇವೆರಡೂ ಮುಂದಿನ ಹತ್ತು ಹೊಲಿಗೆಗಳನ್ನು ಬಿಗಿಮಾಡುತ್ತವೆ. ನಮ್ಮ ಅತ್ತೆ ಉಂಡೆಯನ್ನು ಒಂದು ಹಿತ್ತಾಳೆಯ ಬೋಗುಣಿಯಲ್ಲಿ ಹಾಕಿ ಕಾಲ ಬಳಿ ಇಟ್ಟುಕೊಳ್ಳುತ್ತಿದ್ದರು. ಅದು ಅಲ್ಲಿಯೇ ಉರುಳುತ್ತ ದಾರವನ್ನು ಬಿಡುತ್ತಿತ್ತು. ಆಗಾಗ ಒಂದು ಮೊಳದಷ್ಟು ದಾರವನ್ನು ಮುಂಗಡವಾಗಿ ಎಳೆದು ಮಡಿಲಲ್ಲಿ ಹಾಕಿಕೊಳ್ಳುತ್ತಿದ್ದರು. ಇದು ಅವರ ಅಭ್ಯಾಸವೆಂದು ಮಾತ್ರ ನಾನು ತಿಳಿದಿದ್ದೆ. ಉಂಡೆಯ ಸೆಳೆತ ಬೆರಳಿನವರೆಗೆ ಬಾರದಿರಲಿ ಎಂಬ ಯುಕ್ತಿ ಅದು ಎಂದು ತಿಳಿದದ್ದು ಆಮೇಲೆ.

ಇನ್ನು ಕಡ್ಡಿ ಹಿಡಿದ ಕೈ. ಕೊಕ್ಕೆ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಮೂರು ಭಾಗಗಳು ಕಾಣುತ್ತವೆ: ದಾರವನ್ನು ಹಿಡಿಯುವ ಮೂತಿ, ಅದರ ಹಿಂದಿನ ಕಿರಿದಾದ ಕೊರಳು, ಆಮೇಲೆ ದುಂಡನೆಯ ಮೈ. ಕಡ್ಡಿಯ ಅಳತೆಯೆಂದು ಹೇಳುವುದು ಈ ಮೈಯ ವ್ಯಾಸವನ್ನು. ಕುಣಿಕೆ ಎಷ್ಟು ದೊಡ್ಡದಿರಬೇಕೆಂದು ತೀರ್ಮಾನಿಸಬೇಕಾದುದು ಕಡ್ಡಿಯ ಮೈಯೇ ಹೊರತು ನಮ್ಮ ಕೈಯಲ್ಲ. ಅವಸರದವರು ಕುಣಿಕೆಯನ್ನು ಕೊರಳಿನ ಮೇಲೆಯೇ ಉಳಿಸಿಕೊಂಡು ಮುಂದಿನ ಹೊಲಿಗೆಗೆ ಹೋಗುತ್ತಾರೆ. ಕೊರಳು ಕಿರಿದು, ಆದುದರಿಂದ ಕುಣಿಕೆಯೂ ಕಿರಿದಾಗುತ್ತದೆ. ನನ್ನ 11 ಸೆಂಟಿಮೀಟರಿನ ಚೌಕದ ಗುಟ್ಟಿನಲ್ಲಿ ಅರ್ಧ ಇಲ್ಲಿಯೇ ಇತ್ತು. ಪ್ರತಿಯೊಂದು ಕುಣಿಕೆಯನ್ನೂ ಮೈಯ ತನಕ ಜಾರಿಸಿ, ಅಲ್ಲಿ ಅದನ್ನು ಒಂದು ಕ್ಷಣ ಕುಳ್ಳಿರಿಸಿ, ಆಮೇಲೆ ಮುಂದುವರಿಯಬೇಕು. ಸಣ್ಣ ದಾರಕ್ಕೆ ಬಳಸುವ ಉಕ್ಕಿನ ಕಡ್ಡಿಗಳಲ್ಲಿ ಹಲವು ಹಿಡಿಯ ಕಡೆಗೆ ಹೋದಂತೆ ದಪ್ಪವಾಗುತ್ತವೆ. ಅಂಥವುಗಳಲ್ಲಿ ಕುಣಿಕೆಯನ್ನು ಬಹಳ ಹಿಂದಕ್ಕೂ ತಳ್ಳಬಾರದು. ಒಂದು ಜಾಗವನ್ನು ಗೊತ್ತುಮಾಡಿಕೊಂಡು ಅಲ್ಲಿಗೇ ತರುವುದು ಕ್ಷೇಮ.

ಮೈಯ ವ್ಯಾಸ ಹೊಲಿಗೆಯ ಅಗಲವನ್ನು ನಿರ್ಧರಿಸಿದರೆ ಎತ್ತರವನ್ನು ನಿರ್ಧರಿಸುವುದು ಇನ್ನೊಂದು ಚಲನೆ. ಕೊಕ್ಕೆಯನ್ನು ಕೆಳಗಿನ ಸಾಲಿನೊಳಗೆ ತೂರಿಸಿ ಮೊದಲ ಸಲ ದಾರವನ್ನು ಎಳೆದುಕೊಳ್ಳುತ್ತೇವಲ್ಲ, ಆ ಮೊದಲ ಕುಣಿಕೆ ಎಷ್ಟು ಮೇಲೆ ಬಂತು ಎಂಬುದರ ಮೇಲೆ ಹೊಲಿಗೆಯ ಎತ್ತರ ನಿಂತಿದೆ. ಕೆಲವರು ಅದನ್ನು ಎಳೆದ ಕೂಡಲೇ ಕೆಳಕ್ಕೆ ಜಗ್ಗುತ್ತಾರೆ, ಹೊಲಿಗೆ ಕುಳ್ಳಾಗುತ್ತದೆ. ಕೆಲವರು ಮೇಲಕ್ಕೆ ಎತ್ತುತ್ತಾರೆ, ಹೊಲಿಗೆ ನೀಳವಾಗುತ್ತದೆ. ನಮ್ಮ ಅತ್ತೆ ಉದ್ದನೆಯ ಹೊಲಿಗೆಯನ್ನು ಕಂಬ ಎಂದು ಕರೆಯುತ್ತಿದ್ದರು. ಕಂಬ ನೆಡುವಾಗ ಮೊದಲ ಕುಣಿಕೆಯೇ ಅದರ ಅಡಿಪಾಯ. ಅಗಲ ಸರಿಯಿದ್ದು ಎತ್ತರ ಮಾತ್ರ ಸಾಲದೆ ಬಂದರೆ ಕಡ್ಡಿಯನ್ನು ಬದಲಿಸಿ ಪ್ರಯೋಜನವಿಲ್ಲ; ಆ ಒಂದು ಎಳೆತವನ್ನು ಕೂದಲೆಳೆಯಷ್ಟು ಹೆಚ್ಚಿಸಬೇಕು.

ಅಡಿಪಾಯವೆಂದಾಗ ಮೊದಲ ಸರಪಳಿಯ ಮಾತು ನೆನಪಾಗುತ್ತದೆ. ಯಾವ ಹೆಣಿಗೆಯಾದರೂ ಬಹುಮಟ್ಟಿಗೆ ಸರಪಳಿ ಹೊಲಿಗೆಯಿಂದಲೇ ಆರಂಭ. ಆರಂಭದಲ್ಲಿ ಎಲ್ಲರ ಕೈಯೂ ಅಳುಕುತ್ತದೆ. ಅಳುಕಿದ ಕೈ ಬಿಗಿಯುತ್ತದೆ. ಸರಪಳಿ ಬಿಗಿಯಾಗಿ, ಮೇಲಿನ ಸಾಲುಗಳು ಸಹಜವಾಗಿ ಬಂದರೆ ಬಟ್ಟೆ ಬೀಸಣಿಗೆಯಂತೆ ಕೆಳಗೆ ಮುದುಡಿ ಮೇಲೆ ಹರಡುತ್ತದೆ. ಒಗೆದು ಇಸ್ತ್ರಿ ಮಾಡಿದರೂ ಇದು ಸರಿಹೋಗುವುದಿಲ್ಲ. ಸರಪಳಿಯನ್ನು ಮಾತ್ರ ಒಂದು ಅಳತೆ ದೊಡ್ಡದಾದ ಕಡ್ಡಿಯಲ್ಲಿ ಹಾಕಿಕೊಂಡು, ಆಮೇಲೆ ಮೊದಲಿನ ಕಡ್ಡಿಗೆ ಬರುವುದು ಇದಕ್ಕೆ ಸುಲಭವಾದ ಪರಿಹಾರ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಕೈ ನನ್ನದೇ, ನಿಮ್ಮ ಕೈ ನಿಮ್ಮದೇ. ಇಬ್ಬರ ಅಕ್ಷರ ಒಂದಾಗದಂತೆ ಇಬ್ಬರ ಹೊಲಿಗೆಯೂ ಒಂದಾಗುವುದಿಲ್ಲ. ಮಾದರಿ ಬರೆದವರು ಯಾವ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರೋ ಆ ಕೈಗೂ ನಮ್ಮ ಕೈಗೂ ಇರುವ ಅಂತರವನ್ನು ತಿಳಿಯಲು ಒಂದೇ ದಾರಿ, ಮೊದಲು ಒಂದು ಮಾದರಿ ತುಂಡನ್ನು ಹೆಣೆಯುವುದು. 10 ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದಾದ ಒಂದು ಚೌಕವನ್ನು ಹೆಣೆದು, ಒಗೆದು, ಒಣಗಿಸಿ, ಅಂಚುಗಳನ್ನು ಬಿಟ್ಟು ನಡುವೆ ಅಳತೆಪಟ್ಟಿ ಇಟ್ಟು 10 ಸೆಂಟಿಮೀಟರಿನಲ್ಲಿ ಎಷ್ಟು ಹೊಲಿಗೆಗಳಿವೆ, ಎಷ್ಟು ಸಾಲುಗಳಿವೆ ಎಂದು ಎಣಿಸಬೇಕು. ಅಂಚಿನ ಹೊಲಿಗೆಗಳು ಯಾವಾಗಲೂ ಸುಳ್ಳು ಹೇಳುತ್ತವೆ. ಅವನ್ನು ಸಾಕ್ಷಿಗೆ ಕರೆಯಬಾರದು. ಮಾದರಿಯಲ್ಲಿ 20 ಹೊಲಿಗೆಗಳು ಎಂದಿದ್ದು ನಮ್ಮ ತುಂಡಿನಲ್ಲಿ 22 ಬಂದರೆ ಎರಡೇ ತಾನೆ ಎಂದು ಮುಂದುವರಿಯಲು ಮನಸ್ಸಾಗುತ್ತದೆ. ಎದೆಯ ಸುತ್ತಳತೆ 90 ಸೆಂಟಿಮೀಟರ್ ಇರಬೇಕಾದ ಸ್ವೆಟರಿಗೆ ಮಾದರಿ 180 ಹೊಲಿಗೆಗಳನ್ನು ಹೇಳುತ್ತದೆ. ನಮ್ಮ ಕೈಯಲ್ಲಿ ಆ 180 ಹೊಲಿಗೆಗಳು ಸುಮಾರು 82 ಸೆಂಟಿಮೀಟರ್ ಮಾತ್ರ ಆಗುತ್ತವೆ. ಎಂಟು ಸೆಂಟಿಮೀಟರ್ ಕಡಿಮೆಯಾದ ಸ್ವೆಟರು ಯಾರಿಗಾಗಿ ಹೆಣೆದೆವೋ ಅವರಿಗಾಗುವುದಿಲ್ಲ.

ಆಗ ಮಾಡಬೇಕಾದುದೇನು? ಹೊಲಿಗೆಗಳು ಹೆಚ್ಚಾಗಿದ್ದರೆ ದೊಡ್ಡ ಕಡ್ಡಿ, ಕಡಿಮೆಯಾಗಿದ್ದರೆ ಚಿಕ್ಕ ಕಡ್ಡಿ. ಕೈಯನ್ನು ಬದಲಿಸಹೋಗಬಾರದು, ಕಡ್ಡಿಯನ್ನು ಬದಲಿಸಬೇಕು. ಈ ಇಡೀ ಮಾತಿನ ಸಾರ ಇಷ್ಟೇ ಎಂದರೂ ಆದೀತು. ಬಿಗಿಯಾದ ಕೈ ತಪ್ಪಲ್ಲ, ಸಡಿಲವಾದ ಕೈಯೂ ತಪ್ಪಲ್ಲ. ಹತ್ತನೆಯ ಸಾಲಿನಲ್ಲಿ ಬಿಗಿಯಾಗಿದ್ದು ಇಪ್ಪತ್ತನೆಯ ಸಾಲಿನಲ್ಲಿ ಸಡಿಲವಾಗುವ ಕೈ ಮಾತ್ರ ತಪ್ಪು. ತನ್ನ ಸಹಜವಾದ ಎಳೆತದಲ್ಲಿ ನಡೆಯುವ ಕೈ ದಣಿಯುವುದಿಲ್ಲ, ಆದುದರಿಂದ ಬದಲಾಗುವುದೂ ಕಡಿಮೆ. ಬಲವಂತವಾಗಿ ಬೇರೆಯವರಂತೆ ನಡೆಯುವ ಕೈ ಬೇಗ ದಣಿದು ತನ್ನ ಹಳೆಯ ದಾರಿಗೆ ಮರಳುತ್ತದೆ.

ಹದವೆಂದರೆ ಎರಡು ಅತಿಗಳ ನಡುವಿನ ಒಂದು ಬಿಂದು ಎಂದು ತಿಳಿಯುವುದೂ ಸರಿಯಲ್ಲ. ಅದು ಕೆಲಸಕ್ಕೆ ತಕ್ಕಂತೆ ಬೇರೆಬೇರೆಯಾಗುತ್ತದೆ. ಹತ್ತಿ ತುಂಬಿದ ಗೊಂಬೆಗೆ ಹೊಲಿಗೆ ಬಿಗಿಯಾಗಿರಬೇಕು, ಇಲ್ಲದಿದ್ದರೆ ಹತ್ತಿ ಹೊರಗೆ ಇಣುಕುತ್ತದೆ. ಹೆಗಲ ಮೇಲೆ ಇಳಿಬೀಳಬೇಕಾದ ಶಾಲಿಗೆ ಸಡಿಲವೇ ಚೆಲುವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಡೈನಾ ಟೈಮಿನಾ ಎಂಬವರು 1997ರಲ್ಲಿ ಕ್ರೋಶಾದಿಂದ ಒಂದು ವಿಚಿತ್ರವಾದ ಮೇಲ್ಮೈಯನ್ನು ಹೆಣೆದರು. ಗಣಿತದಲ್ಲಿ ಅತಿಪರವಲಯ ಸಮತಲವೆನ್ನುವ, ಅಂಚಿಗೆ ಹೋದಂತೆಲ್ಲ ನೆರಿಗೆ ನೆರಿಗೆಯಾಗಿ ಹೆಚ್ಚುತ್ತ ಹೋಗುವ ಆಕೃತಿ ಅದು. ಇಂಥ ಆಕೃತಿ ತನ್ನ ಬಾಗನ್ನು ಉಳಿಸಿಕೊಂಡು ನಿಲ್ಲಬೇಕಾದರೆ ಹೆಣಿಗೆ ಬಿಗಿಯಾಗಿರಲೇಬೇಕು. ಶಾಲಿನಲ್ಲಿ ದೋಷವೆನಿಸುವುದೇ ಅಲ್ಲಿ ಗುಣವಾಯಿತು.

ದಾರದ ವಿಷಯವಾಗಿ ಒಂದು ಮಾತು. ಕ್ರೋಶಾ ದಾರದ ಉಂಡೆಯ ಮೇಲೆ 10, 20, 40, 60 ಎಂಬ ಅಂಕಿಗಳಿರುತ್ತವೆ. ಅಂಕಿ ಹೆಚ್ಚಿದಂತೆ ದಾರ ಸಣ್ಣ. ಈ ದಾರಕ್ಕೆ ರೇಷ್ಮೆಯಂಥ ಹೊಳಪಿದೆಯಲ್ಲ, ಅದೂ ಬಿಗುವಿನ ವರವೇ. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದಾಗ ಅದು ಕುಗ್ಗಿ ಗಟ್ಟಿಯಾಯಿತು, ಆದರೆ ಹೊಳಪು ಬರಲಿಲ್ಲ. 1890ರ ಸುಮಾರಿಗೆ ಹೊರೇಸ್ ಲೋ ಎಂಬವನು ಅದೇ ಕ್ರಿಯೆಯನ್ನು ದಾರ ಕುಗ್ಗದಂತೆ ಎಳೆದು ಹಿಡಿದು ಮಾಡಿದ. ಆಗ ಹೊಳಪು ಬಂತು. ಹೊಳಪಿನ ದಾರ ಬೆರಳಿನಲ್ಲಿ ಬೇಗ ಜಾರುತ್ತದೆ. ಅದಕ್ಕೆ ಇನ್ನೊಂದು ಸುತ್ತು ಬೇಕಾದೀತು. ಹಾಗೆಯೇ ಲೋಹದ ಕಡ್ಡಿಯಲ್ಲಿ ಕುಣಿಕೆ ಜಾರುತ್ತದೆ, ಬಿದಿರಿನ ಕಡ್ಡಿಯಲ್ಲಿ ತಡೆಯುತ್ತದೆ. ಆದುದರಿಂದ ಒಂದು ಕೆಲಸವನ್ನು ಆರಂಭಿಸಿದ ಮೇಲೆ ದಾರವನ್ನಾಗಲಿ ಕಡ್ಡಿಯನ್ನಾಗಲಿ ನಡುವೆ ಬದಲಿಸದಿರುವುದು ಲೇಸು.

ಒಂದೇ ವಸ್ತ್ರವನ್ನು ಎರಡು ಕೈಗಳು ಹೆಣೆಯುವಾಗ ಬರುವ ಈ ತೊಡಕು ನನ್ನ ಮನೆಯದು ಮಾತ್ರವಲ್ಲ. ಇಡೀ ಊರುಗಳು ಇದನ್ನು ಎದುರಿಸಿವೆ. 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ, 1852ರವರೆಗೂ ನಡೆದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ದೇಶ ಬಿಟ್ಟರು. ಆ ದಿನಗಳಲ್ಲಿ ಕಾರ್ಕ್ ಪ್ರಾಂತದ ಸಂನ್ಯಾಸಿನಿಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಕ್ಲೋನ್ಸ್ ಎಂಬ ಊರಿನಲ್ಲಿ ಅಲ್ಲಿನ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಇದನ್ನು ಆರಂಭಿಸಿದರು. ಗುಲಾಬಿಯನ್ನು ಒಬ್ಬಳು, ಎಲೆಯನ್ನು ಇನ್ನೊಬ್ಬಳು ಬಿಡಿಬಿಡಿಯಾಗಿ ಹೆಣೆಯುವುದು, ಬಳಿಕ ಅವನ್ನು ಜಾಲರಿಯಿಂದ ಕೂಡಿಸುವುದು ಅಲ್ಲಿನ ಕ್ರಮ. ಗುಲಾಬಿ ತನ್ನ ಅಳತೆಯನ್ನು ಮೀರಿದರೆ ಜಾಲರಿ ಸೊಟ್ಟಗಾಗುತ್ತದೆ. ಬೇರೆಬೇರೆ ಗುಡಿಸಲುಗಳಲ್ಲಿ ಕುಳಿತ ಹೆಂಗಸರ ಕೈಗಳು ಒಂದು ಅಳತೆಗೆ ಬಂದುದರಿಂದಲೇ ಆ ಲೇಸು ಮಾರಾಟವಾಯಿತು, ಮನೆಗಳಲ್ಲಿ ಒಲೆ ಉರಿಯಿತು.

ಅದೇ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಮೂಲಕ ಗೋದಾವರಿಯ ಸೀಮೆಗೂ ಈ ವಿದ್ಯೆ ಬಂತು. ಆಂಧ್ರದ ನರಸಾಪುರದ ಸುತ್ತಿನ ಹಳ್ಳಿಗಳ ಹೆಂಗಸರು ಇಂದಿಗೂ ಈ ಕೆಲಸ ಮಾಡುತ್ತಾರೆ. 2024ರಲ್ಲಿ ಅಲ್ಲಿನ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಅಲ್ಲಿಯೂ ಬಿಡಿ ಹೂಗಳನ್ನು ಹೆಣೆಯುವವರು ಬೇರೆ, ಜೋಡಿಸುವವರು ಬೇರೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಈ ಹೆಂಗಸರನ್ನು ಕುರಿತು 1982ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಪರದೇಶಗಳಿಗೆ ಹೋಗುವ ಲೇಸನ್ನು ದಿನವಿಡೀ ಹೆಣೆದರೂ ಇವರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ. ಮನೆಯಲ್ಲಿ ಕುಳಿತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸವೆಂದು ಹೇಳಿ ಅತಿ ಕಡಿಮೆ ಕೂಲಿ ಕೊಡಲಾಗುತ್ತಿತ್ತು ಎಂಬುದು ಅವರು ಕಂಡ ಸತ್ಯ. ನನಗೆ ಇದರಲ್ಲಿ ಬಿಗುವಿನ ಹದದ ಸ್ವಭಾವವೇ ಕಾಣುತ್ತದೆ. ಹೊಲಿಗೆ ಸಮವಾಗಿದ್ದರೆ ಕಣ್ಣು ಅದನ್ನು ಗಮನಿಸುವುದೇ ಇಲ್ಲ, ಹೂವನ್ನು ನೋಡುತ್ತದೆ. ಕೆಟ್ಟಾಗ ಮಾತ್ರ ಹೊಲಿಗೆ ಕಾಣುತ್ತದೆ. ಕಾಣದ ಕೌಶಲಕ್ಕೆ ಬೆಲೆ ಕಟ್ಟುವವರು ಕಡಿಮೆ. ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕಿಸಿಕೊಳ್ಳುವ ನಾವೂ ಕೂಲಿಯನ್ನು ಚೌಕಾಶಿ ಮಾಡುವ ಮೊದಲು, ಮೊದಲ ಕುಚ್ಚೂ ಕೊನೆಯ ಕುಚ್ಚೂ ಒಂದೇ ಉದ್ದವಿರುವುದನ್ನು ಒಮ್ಮೆ ನೋಡಬೇಕು.

ಕೊನೆಗೆ ಅತ್ತೆಯ ಹಾಸಿನ ಕತೆ. ನಾನು ಕಿರುಬೆರಳಿನ ಸುತ್ತನ್ನು ಬಿಚ್ಚಿದೆ. 1.25 ಮಿಲಿಮೀಟರಿನ ಕಡ್ಡಿಯನ್ನು ಬಿಟ್ಟು 1.5ರ ಕಡ್ಡಿಯನ್ನು ಹಿಡಿದೆ. ಕುಣಿಕೆಯನ್ನು ಮೈಯ ತನಕ ತಂದೆ. ಚೌಕ 11.7ಕ್ಕೆ ಬಂತು. ಕಂಬದ ಮೊದಲ ಕುಣಿಕೆಯನ್ನು ತುಸು ಮೇಲೆತ್ತುವುದನ್ನು ಅಭ್ಯಾಸ ಮಾಡಿದೆ. 12ಕ್ಕೆ ಇನ್ನೊಂದು ಕೂದಲೆಳೆ ಉಳಿಯಿತು. ಹಲಗೆಯ ಮೇಲೆ ಕಾಗದ ಹರಡಿ, ಸರಿಯಾಗಿ 12 ಸೆಂಟಿಮೀಟರಿನ ಚೌಕ ಬರೆದು, ಹೆಣೆದ ಚೌಕವನ್ನು ತೆಳುವಾದ ಸಾಬೂದಾನಿ ಗಂಜಿಯಲ್ಲಿ ಅದ್ದಿ, ಗುಂಡುಸೂಜಿಗಳಿಂದ ಗೆರೆಗೆ ಹೊಂದಿಸಿ ಒಣಗಿಸಿದೆ. ಕೂದಲೆಳೆಯ ಅಂತರವನ್ನು ಗಂಜಿ ಮುಚ್ಚುತ್ತದೆ. ಒಂದು ಸೆಂಟಿಮೀಟರಿನ ಅಂತರವನ್ನು ಮುಚ್ಚಲಾರದು. ಮೊದಲು ಮಾಡಿದ ಚೌಕಗಳನ್ನೆಲ್ಲ ಬಿಚ್ಚಿಹಾಕಿದೆ. ಜೀವಂತವಾಗಿರುವುದು ಒಂದೇ ಕುಣಿಕೆಯಾದುದರಿಂದ ಕ್ರೋಶಾವನ್ನು ಬಿಚ್ಚುವಷ್ಟು ಸುಲಭ ಬೇರಾವುದೂ ಇಲ್ಲ. ಕೊನೆಯ ಗಂಟನ್ನು ಸಡಿಲಿಸಿ ಎಳೆದರೆ ದಾರ ತಾನಾಗಿ ಉಂಡೆಗೆ ಮರಳುತ್ತದೆ. ಬೇಸರವಾದ ದಿನ, ಮನಸ್ಸು ಕಲಕಿದ ದಿನ, ಹಳೆಯ ತುಂಡಿನ ಮೇಲೆ ನಾಲ್ಕು ಸಾಲು ಹೆಣೆದು ಕೈಯನ್ನು ದಾರಿಗೆ ತಂದುಕೊಂಡು ಆಮೇಲೆ ಚೌಕವನ್ನು ಮುಟ್ಟಿದೆ.

ಹಾಸು ಮುಗಿದು ಜೋಡಣೆಯಾದ ದಿನ ಅತ್ತೆಯ ಮಡಿಲಲ್ಲಿ ಹರಡಿದೆ. ಊದಿದ ಬೆರಳುಗಳಿಂದ ಅವರು ಸಾಲುಸಾಲಾಗಿ ಸವರಿದರು. ಒಂದು ಕಡೆಯೂ ನಿಲ್ಲಲಿಲ್ಲ. ನನಗೆ ಹೆಮ್ಮೆಯಾಯಿತು. ಆಮೇಲೆ ಹಾಸನ್ನು ಮಗುಚಿ ಹಿಂಬದಿಯನ್ನು ನೋಡಿ, ‘ಇಲ್ಲಿಂದ ಈಚೆಗೆ ನಿನ್ನದು’ ಎಂದರು.

‘ಹೇಗೆ ಗೊತ್ತಾಯ್ತು ಅತ್ತೆ?’

‘ದಾರದ ಕೊನೇನ ನಾನು ಎಡಕ್ಕೆ ಹುದುಗಿಸ್ತೀನಿ, ನೀನು ಬಲಕ್ಕೆ. ಇರಲಿ ಬಿಡು. ಅಳತೆ ಸರಿಯಾಗಿ ಕೂತಿದೆ. ಹಿಂದುಗಡೆ ಯಾರು ನೋಡ್ತಾರೆ!’

ಆ ಹಾಸು ಈಗಲೂ ನಮ್ಮ ಮನೆಯ ಮೇಜಿನ ಮೇಲಿದೆ. ಹಲವು ಸಲ ಒಗೆದಿದ್ದೇವೆ. ಯಾವ ಸಾಲೂ ಮುದುಡಿಲ್ಲ. ಬಂದವರು ಹೂವಿನ ವಿನ್ಯಾಸವನ್ನು ಮೆಚ್ಚುತ್ತಾರೆ. ಇದರಲ್ಲಿ ಎರಡು ಕೈಗಳಿವೆ ಎಂದು ಈವರೆಗೆ ಯಾರೂ ಕೇಳಿಲ್ಲ.